ಚಳಿಗೆ ಮೈ ಒಡೆದರೆ ಏನು ಹಚ್ಚೋದು? ಎಣ್ಣೆ, ಲೋಷನ್, ಕ್ರೀಮ್, ವ್ಯಾಸಲೀನ್: ಪುಣೆಯ ಮನೆಗಳಿಗೊಂದು ಹೋಲಿಕೆ

ದೀಪಾವಳಿ ಮುಗಿಯುತ್ತಿದ್ದ ಹಾಗೆ ಪುಣೆಯ ಗಾಳಿ ಬದಲಾಗುತ್ತದೆ. ಬೆಳಗಿನ ಜಾವ 10–12 ಡಿಗ್ರಿ, ಮಧ್ಯಾಹ್ನ 30, ಗಾಳಿಯಲ್ಲಿ ತೇವವೇ ಇಲ್ಲ ಅನ್ನುವಷ್ಟು ಒಣ. ಮೊಣಕಾಲ ಕೆಳಗೆ ಉಗುರಿನಿಂದ ಗೀರಿ ನೋಡಿ, ಬಿಳಿ ಗೆರೆ ಬೀಳುತ್ತದೆ. ಮಕ್ಕಳ ಕೆನ್ನೆ ಒರಟು, ದೊಡ್ಡವರ ತುಟಿ ಒಡೆದಿರುತ್ತದೆ, ವಯಸ್ಸಾದವರ ಹಿಮ್ಮಡಿಯ ಬಿರುಕಿಗೆ ಸೀರೆಯ ಅಂಚು ಸಿಕ್ಕಿಕೊಳ್ಳುತ್ತದೆ. ಧಾರವಾಡ, ಬೆಳಗಾವಿ ಕಡೆಯಿಂದ ಬಂದವರಿಗೆ ಚಳಿ ಹೊಸದಲ್ಲ. ಆದರೆ ಮಂಗಳೂರು, ಉಡುಪಿಯಿಂದ ಬಂದವರಿಗೆ, ಅಥವಾ ಡೊಂಬಿವಲಿ, ಠಾಣೆಯಲ್ಲಿ ವರ್ಷಗಟ್ಟಲೆ ಇದ್ದು ಪುಣೆಗೆ ಮನೆ ಬದಲಿಸಿದವರಿಗೆ ಮೊದಲ ಚಳಿಗಾಲ ನಿಜಕ್ಕೂ ಕಷ್ಟವಾಗುತ್ತದೆ. ಸಮುದ್ರದ ಪಕ್ಕದ ತೇವದ ಗಾಳಿಯಲ್ಲಿ ಏನೂ ಹಚ್ಚದೆ ಬದುಕಿದವರು ಅವರು. ಪುಣೆ ಸಹ್ಯಾದ್ರಿಯ ಈಚೆ ಬದಿ, ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ಸಮುದ್ರದ ಗಾಳಿಯ ಆಸರೆ ಇಲ್ಲ.

ಹಾಗಂತ ಅಂಗಡಿಗೆ ಹೋದರೆ ತಲೆ ತಿರುಗುತ್ತದೆ. ಅಪ್ಪನಿಗೊಂದು, ಅಮ್ಮನಿಗೊಂದು, ಮಗುವಿಗೊಂದು, ರಾತ್ರಿಗೊಂದು, ಪಾದಕ್ಕೊಂದು, ಕೈಗೊಂದು ಡಬ್ಬಿ. ಅಷ್ಟೆಲ್ಲ ಬೇಡ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ನವೆಂಬರಿನಿಂದ ಫೆಬ್ರವರಿವರೆಗೆ ಪುಣೆಯ ಒಂದು ಮನೆಗೆ ಮೂರೇ ವಸ್ತು ಸಾಕು: ಎಲ್ಲರಿಗೂ ಆಗುವ ವಾಸನೆ ಇಲ್ಲದ ಗಟ್ಟಿ ಕ್ರೀಮಿನ ಒಂದು ದೊಡ್ಡ ಡಬ್ಬಿ, ತುಟಿ–ಹಿಮ್ಮಡಿಗೆ ಒಂದು ವ್ಯಾಸಲೀನ್, ಸ್ನಾನಕ್ಕೆ ಮೊದಲು ಹಚ್ಚಲು ಒಂದು ಬಾಟಲಿ ಎಣ್ಣೆ. ಮಿಕ್ಕಿದ್ದೆಲ್ಲ ಇಷ್ಟವಿದ್ದರೆ ಮಾತ್ರ. ಇನ್ನೊಂದು ಮಾತು, ಯಾವ ಕಂಪನಿಯದು ಅನ್ನುವುದಕ್ಕಿಂತ ಯಾವಾಗ ಹಚ್ಚುತ್ತೀರಿ, ಎಷ್ಟು ಹಚ್ಚುತ್ತೀರಿ ಅನ್ನುವುದೇ ಜಾಸ್ತಿ ಮುಖ್ಯ. ಕಾರಣ ಮುಂದೆ ಇದೆ.

ಇವು ಒಳಗೆ ಮಾಡುವ ಕೆಲಸ

ಚರ್ಮದ ಮೇಲ್ಪದರ ಸತ್ತ ಕೋಶಗಳ ತೆಳ್ಳನೆಯ ಹಾಸು. ಆ ಕೋಶಗಳ ನಡುವಿನ ಜಾಗವನ್ನು ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು ತುಂಬಿಕೊಂಡಿರುತ್ತವೆ. ಒಳಗಿನ ನೀರು ಹೊರಗೆ ಆವಿಯಾಗದಂತೆ ತಡೆಯುವುದು ಈ ಜಿಡ್ಡು. ಚಳಿ, ಒಣಗಾಳಿ, ಕುದಿಯುವ ನೀರು, ಸೋಪು ಇವೆಲ್ಲ ಸೇರಿ ಈ ಜಿಡ್ಡನ್ನು ತೊಳೆದು ಹಾಕಿದರೆ ನೀರು ಹೊರಟುಹೋಗುತ್ತದೆ, ಚರ್ಮ ಬಿರಿಯುತ್ತದೆ.

ನಾವು ಹಚ್ಚುವ ಯಾವುದೇ ವಸ್ತು ಮೂರರಲ್ಲಿ ಒಂದೋ ಎರಡೋ, ಇಲ್ಲವೇ ಮೂರೂ ಕೆಲಸ ಮಾಡುತ್ತದೆ. ಗ್ಲಿಸರಿನ್, ಯೂರಿಯಾ, ಹಯಲುರಾನಿಕ್ ಆಸಿಡ್ ಇವು ನೀರನ್ನು ಎಳೆದು ಹಿಡಿಯುತ್ತವೆ. ಎಣ್ಣೆ, ಬೆಣ್ಣೆಯಂಥ ಕೊಬ್ಬು, ಸೆರಮೈಡ್ ಇವು ಬಿರುಕಿನ ಸಂದು ತುಂಬಿ ನುಣುಪು ಮಾಡುತ್ತವೆ. ವ್ಯಾಸಲೀನ್, ಪ್ಯಾರಾಫಿನ್, ಡೈಮೆಥಿಕೋನ್ ಮೇಲೆ ಮುಚ್ಚಳ ಹಾಕುತ್ತವೆ. ಒಳ್ಳೆಯ ಕ್ರೀಮಿನಲ್ಲಿ ಮೂರೂ ಇರುತ್ತವೆ. ಬರೀ ಎಣ್ಣೆಯಲ್ಲಿ ಮೊದಲನೆಯದು ಇಲ್ಲ. ಬರೀ ಗ್ಲಿಸರಿನ್‌ನಲ್ಲಿ ಕೊನೆಯದು ಇಲ್ಲ. ಇಷ್ಟು ಗೊತ್ತಿದ್ದರೆ ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಓದಿದಾಗ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಇವು ಯಾವುವೂ ಚರ್ಮಕ್ಕೆ ಹೊಸದಾಗಿ ಹೆಚ್ಚು ನೀರು ತಂದು ಸುರಿಯುವುದಿಲ್ಲ, ಇರುವ ನೀರನ್ನು ಉಳಿಸುತ್ತವೆ. ಹಾಗಾಗಿ ಹಚ್ಚುವ ಹೊತ್ತು ಯಾವುದೆಂದರೆ ಸ್ನಾನ ಮುಗಿಸಿ, ಟವೆಲಿನಿಂದ ಮೃದುವಾಗಿ ಒತ್ತಿಕೊಂಡು, ಮೈ ಇನ್ನೂ ಹಸಿಯಾಗಿರುವ ಆ ಎರಡು ಮೂರು ನಿಮಿಷ. ಹಂಚಿನಿಂದ ಇಳಿಸಿದ ಚಪಾತಿಯನ್ನು ಬಿಸಿ ಇದ್ದಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಸಂಜೆವರೆಗೂ ಮೆತ್ತಗಿರುತ್ತದೆ, ಒಣಗಿದ ಮೇಲೆ ಮುಚ್ಚಿದರೆ ಏನು ಬಂತು? ಇದೂ ಹಾಗೆಯೇ. ಬಟ್ಟೆ ಹಾಕಿ, ತಿಂಡಿ ತಿಂದು, ಆಮೇಲೆ ನೆನಪಾಗಿ ಒಣಮೈಗೆ ಹಚ್ಚಿದ ದುಬಾರಿ ಕ್ರೀಮಿಗಿಂತ ಹಸಿಮೈಗೆ ಹಚ್ಚಿದ ಸಾಧಾರಣ ಕ್ರೀಮ್ ಚೆನ್ನಾಗಿ ಕೆಲಸ ಮಾಡುತ್ತದೆ.

ಹಾಗಾಗಿ ಡಬ್ಬಿಯನ್ನು ಬೆಡ್‌ರೂಮಿನ ಕನ್ನಡಿ ಮುಂದೆ ಇಡಬೇಡಿ. ಬಾತ್‌ರೂಮಿನಲ್ಲೇ, ಟವೆಲ್ ನೇತುಹಾಕುವ ಮೊಳೆಯ ಪಕ್ಕದಲ್ಲೇ ಇಡಿ. ಬೆಳಗ್ಗೆ ಗೀಸರಿಗೆ ಸಾಲು ಹಚ್ಚಿ, ಸ್ಕೂಲ್ ವ್ಯಾನು ಕೆಳಗೆ ಹಾರ್ನ್ ಹೊಡೆಯುವ ಹೊತ್ತಿನಲ್ಲಿ ಯಾರೂ ಕ್ರೀಮ್ ಹುಡುಕಿಕೊಂಡು ಇನ್ನೊಂದು ಕೋಣೆಗೆ ಹೋಗುವುದಿಲ್ಲ. ಕೈಗೆ ಸಿಕ್ಕರೆ ಮಾತ್ರ ಹಚ್ಚಿಕೊಳ್ಳುತ್ತಾರೆ.

ಎಣ್ಣೆ: ಯಾವುದು ಸರಿ, ಯಾವುದು ಬೇಡ

"ಎಣ್ಣಿ ಇರೂದ್ ಬಿಟ್ಟು ಇದಕ್ಯಾಕವ್ವಾ ರೊಕ್ಕಾ ಹಾಕ್ತೀ?" ಅಂತ ನಮ್ಮ ಅತ್ತೆಯವರು ಕೇಳುತ್ತಾರೆ. ಅವರ ಮಾತಿನಲ್ಲಿ ತಪ್ಪೇನಿಲ್ಲ. ಎಣ್ಣೆ ಅಗ್ಗ, ಮನೆಯಲ್ಲೇ ಇರುತ್ತದೆ, ಅದರಲ್ಲಿ ಪರಿಮಳದ ರಾಸಾಯನಿಕ ಇಲ್ಲ. ತಿಕ್ಕಿಸಿಕೊಳ್ಳುವ ಸುಖ ಬೇರೆ. ಆದರೆ ಎಲ್ಲ ಎಣ್ಣೆ ಒಂದೇ ಅಲ್ಲ.

ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ನಿಜವಾಗಿಯೂ ಒಳ್ಳೆಯದು. ಫಿಲಿಪೀನ್ಸ್‌ನಲ್ಲಿ ಒಣ ಚರ್ಮದವರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಜಾ ಕೊಬ್ಬರಿ ಎಣ್ಣೆ, ಮಿನರಲ್ ಆಯಿಲ್ ಎರಡೂ ಸರಿಸಮ ಕೆಲಸ ಮಾಡಿದವು. ಒಂದೇ ತೊಡಕು, ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಪುಣೆಯ ಜನವರಿ ಬೆಳಗಿನಲ್ಲಿ ಬಾಟಲಿಯಿಂದ ಹೊರಗೇ ಬರುವುದಿಲ್ಲ. ಅಗಲ ಬಾಯಿಯ ಡಬ್ಬಿಗೆ ಸುರಿದಿಡಿ, ಅಥವಾ ಬಾಟಲಿಯನ್ನು ಬಿಸಿನೀರಿನ ಮಗ್ಗಿನಲ್ಲಿ ನಿಲ್ಲಿಸಿ. ಮೊಡವೆ ಬರುವ ವಯಸ್ಸಿನ ಮಕ್ಕಳ ಮುಖಕ್ಕೆ ಮಾತ್ರ ಇದು ಬೇಡವೇ ಬೇಡ, ರಂಧ್ರ ಮುಚ್ಚಿ ಮೊಡವೆ ಜಾಸ್ತಿಯಾಗುತ್ತದೆ.

ಸೂರ್ಯಕಾಂತಿ ಎಣ್ಣೆಯನ್ನು ನಾವು ಅಡುಗೆಗೆ ಬಿಟ್ಟರೆ ಯೋಚಿಸುವುದಿಲ್ಲ ಅಲ್ವಾ? ಆದರೆ ಅದರಲ್ಲಿ ಲಿನೋಲೆಯಿಕ್ ಆಮ್ಲ ಜಾಸ್ತಿ, ಚರ್ಮ ತನ್ನ ಜಿಡ್ಡಿನ ಪದರ ಕಟ್ಟಿಕೊಳ್ಳಲು ಬಳಸುವುದು ಅದನ್ನೇ. ಆಲಿವ್ ಎಣ್ಣೆಯ ಕಥೆ ಬೇರೆ. ದುಬಾರಿ, ಹೆಸರು ದೊಡ್ಡದು, ಹೊಸ ಮಗು ಹುಟ್ಟಿದ ಮನೆಗೆ ಉಡುಗೊರೆಯಾಗಿ ಬರುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಲಿವ್ ಎಣ್ಣೆ ಹಚ್ಚಿದ ಕಡೆ ಚರ್ಮದ ಮೇಲ್ಪದರ ಸಡಿಲವಾಯಿತು, ಸೂರ್ಯಕಾಂತಿ ಎಣ್ಣೆ ಹಚ್ಚಿದ ಕಡೆ ಹಾಗಾಗಲಿಲ್ಲ. ಅದರಲ್ಲಿರುವ ಓಲೆಯಿಕ್ ಆಮ್ಲವೇ ಕಾರಣ ಅನ್ನುತ್ತಾರೆ. ಎಳೆ ಮಗುವಿಗೆ ಆಲಿವ್ ಎಣ್ಣೆ ಹಚ್ಚಬೇಡಿ. ಸಾಸಿವೆ ಎಣ್ಣೆಯೂ ಬೇಡ, ಅದು ಉರಿ ಹುಟ್ಟಿಸುತ್ತದೆ. ಉತ್ತರ ಭಾರತದ ನೆರೆಯವರು ಎಷ್ಟೇ ಪ್ರೀತಿಯಿಂದ ಹೇಳಿದರೂ ಎಳೆಯ ಚರ್ಮಕ್ಕೆ ಅದು ತಡೆಯುವುದಿಲ್ಲ.

ಪುಣೆಯಲ್ಲಿ ಈಗ ಓಣಿ ಓಣಿಗೂ ಮರದ ಗಾಣದ ಎಣ್ಣೆಯ ಅಂಗಡಿ ಇದೆ. ಕಣ್ಣೆದುರೇ ಶೇಂಗಾ, ಎಳ್ಳು, ಕೊಬ್ಬರಿ ಅರೆದು ಕೊಡುತ್ತಾರೆ. ದೊಡ್ಡವರಿಗೆ ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಧಾರಾಳವಾಗಿ ತನ್ನಿ. ಚರ್ಮ ಒಡೆದು ಕೆಂಪಾಗಿರುವ ಮಗುವಿಗೆ ಗಾಣದ ಶೇಂಗಾ ಎಣ್ಣೆ ಮಾತ್ರ ಹಚ್ಚಬೇಡಿ. ರಿಫೈನ್ ಮಾಡದ ಎಣ್ಣೆಯಲ್ಲಿ ಶೇಂಗಾದ ಪ್ರೋಟೀನ್ ಉಳಿದಿರುತ್ತದೆ, ಅದು ಒಡೆದ ಚರ್ಮದ ಮೂಲಕ ಒಳಗೆ ಹೋದರೆ ಶೇಂಗಾ ಅಲರ್ಜಿ ಹುಟ್ಟುವ ಸಾಧ್ಯತೆ ಇದೆ.

ಎಣ್ಣೆಯನ್ನು ಯಾವಾಗ ಹಚ್ಚಬೇಕು? ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಚ್ಚಿದರೆ ಸೋಪು ಚರ್ಮದ ಜಿಡ್ಡನ್ನು ತೆಗೆಯುವ ಬದಲು ಈ ಎಣ್ಣೆಯನ್ನು ತೆಗೆಯುತ್ತದೆ, ಅದೇ ದೊಡ್ಡ ಲಾಭ. ದೀಪಾವಳಿಯ ಎಣ್ಣೆ ಸ್ನಾನ ಸರಿಯಾಗಿ ಚಳಿ ಶುರುವಾಗುವ ಹೊತ್ತಿಗೇ ಬರುತ್ತದೆ. ಒಂದೇ ದಿನಕ್ಕೆ ಬಿಡದೆ ಚಳಿಗಾಲ ಮುಗಿಯುವ ತನಕ ಭಾನುವಾರಕ್ಕೊಮ್ಮೆ ಮುಂದುವರಿಸಿದರೆ ಮನೆಮಂದಿಯ ಮೈ ಬೇಗ ಸುಧಾರಿಸುತ್ತದೆ. ಬಚ್ಚಲಿನಲ್ಲಿ ಎಣ್ಣೆ ಬಿದ್ದರೆ ತಕ್ಷಣ ಸೋಪಿನ ನೀರು ಹಾಕಿ ಉಜ್ಜಿಬಿಡಿ. ವಯಸ್ಸಾದವರು ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಒಣ ಚರ್ಮದ ಚಿಂತೆ ಎಲ್ಲಿ ಉಳಿಯಿತು.

ಸ್ನಾನದ ನಂತರ ಬರೀ ಎಣ್ಣೆ ಸಾಕೇ? ಮುಂಬೈ, ಗೋವಾದಲ್ಲಿ ಸಾಕಾಗಬಹುದು. ಪುಣೆಯ ಚಳಿಗೆ ನನ್ನ ಪ್ರಕಾರ ಸಾಲದು. ಎಣ್ಣೆ ನುಣುಪು ಕೊಡುತ್ತದೆ, ಆದರೆ ನೀರನ್ನು ಹಿಡಿಯುವ ಗುಣ ಅದಕ್ಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಣ್ಣೆಯಷ್ಟೂ ಅಂಗಿಗೆ ಹತ್ತಿ ಕಾಲು ಮತ್ತೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ.

ಲೋಷನ್ನೋ, ಕ್ರೀಮೋ?

ಲೋಷನ್ನಿನಲ್ಲಿ ನೀರು ಜಾಸ್ತಿ, ಜಿಡ್ಡು ಕಡಿಮೆ. ಬೇಗ ಹರಡುತ್ತದೆ, ಅಂಟುವುದಿಲ್ಲ, ಬೇಗ ಹೋಗುತ್ತದೆ ಕೂಡ. ಕ್ರೀಮಿನಲ್ಲಿ ಜಿಡ್ಡು ಜಾಸ್ತಿ. ಗುರುತಿಸುವುದು ಸುಲಭ: ಪಂಪ್ ಒತ್ತಿದರೆ ಹರಿದು ಬಂದರೆ ಲೋಷನ್, ಡಬ್ಬಿ ಬೋರಲು ಹಾಕಿದರೂ ಬೀಳದಿದ್ದರೆ ಕ್ರೀಮ್.

ಮುಂಬೈಯಲ್ಲಿ ಇರುವವರು ಲೋಷನ್ ತೆಗೆದುಕೊಳ್ಳಿ. ಅಲ್ಲಿ ಮೈ ಒಣಗಿಸುವುದು ಹೊರಗಿನ ಗಾಳಿಗಿಂತ ಆಫೀಸಿನ ಏಸಿ. ಗೋವಾದಲ್ಲಿ ಸಮುದ್ರದ ಉಪ್ಪುನೀರು, ಈಜುಕೊಳದ ಕ್ಲೋರಿನ್ ಮೈಗೆ ತಾಗಿದ ದಿನ ಸಿಹಿನೀರಿನಲ್ಲಿ ತೊಳೆದು ಲೋಷನ್ ಹಚ್ಚಿದರೆ ಮುಗಿಯಿತು. ಪುಣೆಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಲೋಷನ್ ಸಾಕು. ನವೆಂಬರ್ ಬಂದ ಮೇಲೆ ಕೈಕಾಲಿಗೆ ಕ್ರೀಮ್ ಬೇಕೇ ಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಸೆಕೆ ಇದ್ದರೂ ಮಧ್ಯಾಹ್ನದ ಗಾಳಿ ಒಣದೇ. ಆಗ ಬೆವರುತ್ತದೆ ಅಂತ ಪೂರ್ತಿ ಬಿಟ್ಟುಬಿಡದೆ ಲೋಷನ್ನಿಗೆ ಇಳಿಯಿರಿ.

ಡಬ್ಬಿಯ ಹಿಂದೆ ಏನಿದೆ ನೋಡಿ. ಪದಾರ್ಥಗಳನ್ನು ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆದಿರುತ್ತಾರೆ. ನೀರಿನ ನಂತರ ಎರಡನೆಯದೋ ಮೂರನೆಯದೋ ಗ್ಲಿಸರಿನ್ ಇದ್ದು, ಮೊದಲ ಐದಾರು ಹೆಸರಿನೊಳಗೆ ಪೆಟ್ರೋಲೇಟಂ (ಅಂದರೆ ವ್ಯಾಸಲೀನ್), ಪ್ಯಾರಾಫಿನ್, ಶಿಯಾ ಬಟರ್ ಇವುಗಳಲ್ಲಿ ಒಂದಿದ್ದರೆ ಅದು ಗಟ್ಟಿ ಸರಕು. ಸೆರಮೈಡ್ ಇದ್ದರೆ ಇನ್ನೂ ಒಳ್ಳೆಯದು. ಮುಂದೆ ದೊಡ್ಡಕ್ಷರದಲ್ಲಿ ಬಾದಾಮಿ, ಕೇಸರಿ, ಜೇನು ಅಂತ ಬರೆದು ಹಿಂದೆ ಪಟ್ಟಿಯ ಕಟ್ಟಕಡೆಗೆ, ಪರಿಮಳದ ಪಕ್ಕದಲ್ಲಿ ಬಾದಾಮಿ ಎಣ್ಣೆ ಕಂಡರೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಸೆಟಿಯರಿಲ್ ಆಲ್ಕೋಹಾಲ್ ಅಂತ ಓದಿ ಹೆದರಬೇಡಿ, ಅದು ಮೇಣದಂಥ ಕೊಬ್ಬು, ಒಣಗಿಸುವುದಿಲ್ಲ. ಚರ್ಮ ಒಣಗಿಸುವ ಸ್ಪಿರಿಟ್ಟಾದ ಆಲ್ಕೋಹಾಲ್ ಡೆನ್ಯಾಟ್ ಪಟ್ಟಿಯ ಮೇಲುಗಡೆಯೇ ಇದ್ದರೆ ಮಾತ್ರ ಆ ಡಬ್ಬಿ ಬಿಡಿ.

ಪರಿಮಳದ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಮನೆಮಂದಿಗೆಲ್ಲ ಒಂದೇ ಡಬ್ಬಿ ಅಂದ ಮೇಲೆ ಅದರಲ್ಲಿ ಸುವಾಸನೆ ಇರಲೇಬಾರದು. ಕ್ರೀಮ್ ಹಚ್ಚಿ ತುರಿಕೆ ಬಂತು ಅನ್ನುವವರಲ್ಲಿ ಬಹಳ ಜನಕ್ಕೆ ತೊಂದರೆ ಕೊಟ್ಟಿರುವುದು ಆ ಸುವಾಸನೆಯೇ. "ಫ್ರೇಗ್ರೆನ್ಸ್ ಫ್ರೀ" ಅಂತ ಬರೆದದ್ದನ್ನೇ ಕೊಳ್ಳಿ. "ಅನ್‌ಸೆಂಟೆಡ್" ಅಂತ ಬರೆದದ್ದರಲ್ಲಿ ಬೇರೆ ವಾಸನೆ ಮುಚ್ಚಲು ಪರಿಮಳ ಹಾಕಿರಬಹುದು. ಮಲ್ಲಿಗೆ, ಗುಲಾಬಿ ಬೇಕೆನ್ನುವವರು ಹೊರಗೆ ಹೋಗುವಾಗ ಬಟ್ಟೆಗೆ ಸೆಂಟು ಹಾಕಿಕೊಳ್ಳಲಿ.

ನೀಲಿ ಡಬ್ಬಿಯ ನಿವಿಯಾ ಗೊತ್ತಲ್ಲ, 1911ರಲ್ಲಿ ಜರ್ಮನಿಯಲ್ಲಿ ಶುರುವಾದದ್ದು. ಗಟ್ಟಿ ಕ್ರೀಮ್ ಅಂದರೆ ಹೇಗಿರುತ್ತದೆ ಅನ್ನುವುದಕ್ಕೆ ಅದು ಒಳ್ಳೆಯ ಉದಾಹರಣೆ. ಪರಿಮಳ ತಡೆಯುವವರಿಗೆ ಇವತ್ತಿಗೂ ಚೆನ್ನಾಗಿಯೇ ಆಗುತ್ತದೆ. ಮೆಡಿಕಲ್‌ನಲ್ಲಿ ಲಿಕ್ವಿಡ್ ಪ್ಯಾರಾಫಿನ್, ವೈಟ್ ಸಾಫ್ಟ್ ಪ್ಯಾರಾಫಿನ್ ಸೇರಿಸಿದ, ಅಲಂಕಾರವಿಲ್ಲದ ಕ್ರೀಮುಗಳು ಸಿಗುತ್ತವೆ. ನೋಡಲು ಔಷಧಿಯಂತಿದ್ದರೂ ಕೆಲಸದಲ್ಲಿ ಅವೇ ಮುಂದು.

ವ್ಯಾಸಲೀನ್

1872ರಲ್ಲಿ ರಾಬರ್ಟ್ ಚೀಸ್‌ಬ್ರೋ ಅಮೆರಿಕದಲ್ಲಿ ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿ ಇದು. ನೂರೈವತ್ತು ವರ್ಷ ಕಳೆದರೂ ಮುಚ್ಚಳ ಹಾಕುವ ಕೆಲಸದಲ್ಲಿ ಇದನ್ನು ಮೀರಿಸಿದ್ದು ಸಿಕ್ಕಿಲ್ಲ. ಅಲರ್ಜಿ ತೀರಾ ಅಪರೂಪ, ಬೆಲೆ ಕಡಿಮೆ, ವಾಸನೆ ಇಲ್ಲದ್ದು ಸಿಗುತ್ತದೆ, ಎಳೆ ಮಗುವಿನ ಡೈಪರ್ ಜಾಗಕ್ಕೂ ಆಗುತ್ತದೆ. ಪೆಟ್ರೋಲಿಯಂ ಅನ್ನುವ ಹೆಸರಿಗೆ ಹೆದರುವುದು ಬೇಡ, ಚರ್ಮಕ್ಕೆ ಬಳಸುವುದನ್ನು ಚೆನ್ನಾಗಿ ಶುದ್ಧ ಮಾಡಿರುತ್ತಾರೆ.

ಆದರೂ ಇಡೀ ಮೈಗೆ ನಾನು ಇದನ್ನು ಹೇಳುವುದಿಲ್ಲ. ಜಿಗುಟು, ಬಟ್ಟೆಗೆ ಮೆತ್ತಿಕೊಳ್ಳುತ್ತದೆ, ಎರಡು ದಿನ ಹಚ್ಚಿ ಮೂರನೇ ದಿನ ಎಲ್ಲರೂ ಬಿಡುತ್ತಾರೆ. ತುಟಿ, ಮೂಗಿನ ಅಂಚು, ಬೆರಳ ಗಂಟುಗಳು, ಹಿಮ್ಮಡಿ ಇಷ್ಟಕ್ಕೆ ಇದು ಸರಿ. ಕೆಳಗೆ ತೇವ ಇದ್ದಾಗ ಮಾತ್ರ ಹಚ್ಚಿ, ಒಣ ಹಿಮ್ಮಡಿಗೆ ಬಳಿದರೆ ಒಣತನಕ್ಕೇ ಮುಚ್ಚಳ ಹಾಕಿದ ಹಾಗಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಮನಿಸಿ. ಕ್ರೀಮ್, ವ್ಯಾಸಲೀನ್, ಎಣ್ಣೆ ಇಂಗಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಜೋರಾಗಿ ಉರಿಯುತ್ತದೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ನಮ್ಮ ಮನೆಗಳಲ್ಲಿ ಗ್ಯಾಸ್ ಒಲೆ, ದೇವರ ಮುಂದಿನ ದೀಪ, ಊದುಬತ್ತಿ ಎಲ್ಲ ಇರುತ್ತವೆ. ಅಜ್ಜಿ ಅದೇ ಹಳೆಯ ನೈಟಿಯಲ್ಲಿ, ಮೈಗೆಲ್ಲ ಕ್ರೀಮ್ ಹಚ್ಚಿಕೊಂಡು ದೀಪ ಹಚ್ಚಲು ಬಗ್ಗುತ್ತಾರೆ. ಅಂಥ ಬಟ್ಟೆ, ಹಾಸಿಗೆಯ ಚಾದರಗಳನ್ನು ಆಗಾಗ ಬದಲಿಸಿ, ಬೆಂಕಿಯಿಂದ ದೂರ ಇಡಿ. ಹಾಸಿಗೆಯಲ್ಲಿ ಕೂತು ಬೀಡಿ, ಸಿಗರೇಟು ಸೇದುವವರಿಗಂತೂ ಇದನ್ನು ಗಟ್ಟಿಯಾಗಿ ಹೇಳಬೇಕು.

ಈ ಕಡೆಯ ವಸ್ತುಗಳು

ಕೋಕಂ ಬೀಜದ ಕೊಬ್ಬು ಪುಣೆಯಲ್ಲಿ ಸುಲಭವಾಗಿ ಸಿಗುತ್ತದೆ, ಕೊಂಕಣದ ಮಾಲು ಮಾರುವ ಅಂಗಡಿಗಳಲ್ಲಿ ಕೇಳಿ. ಉತ್ತರ ಕನ್ನಡ, ಮಲೆನಾಡಿನವರಿಗೆ ಇದು ಮುರುಗಲ ತುಪ್ಪ ಅಂತ ಮೊದಲೇ ಗೊತ್ತು. ಬಿಳಿ–ಹಳದಿ ಬಣ್ಣದ ಗಟ್ಟಿ ಮುದ್ದೆ, ಮೇಣದ ಹಾಗೆ ಇರುತ್ತದೆ, ಕರಗಲು 40 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಹಾಗಾಗಿ ಹಾಗೇ ಉಜ್ಜಿದರೆ ಹತ್ತುವುದಿಲ್ಲ. ರಾತ್ರಿ ಊಟವಾದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಪಾದ ಇಟ್ಟು, ಒರೆಸಿ, ಸ್ಟೀಲ್ ಚಮಚದಲ್ಲಿ ಅಡಿಕೆಯಷ್ಟು ತುಂಡು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಪೂರ್ತಿ ನೀರಾಗುವ ಮೊದಲೇ ಇಳಿಸಿ, ಬೆರಳಿಗೆ ತಡೆಯುವಷ್ಟು ಆರಿದ ಮೇಲೆ ಬಿರುಕಿನ ಒಳಗೆ ಒತ್ತಿ ಒತ್ತಿ ತುಂಬಿಸಿ. ಪಾದದ ಮೇಲೆ ಅದು ಮತ್ತೆ ಗಟ್ಟಿಯಾಗಿ ಬಿರುಕಿನಲ್ಲೇ ಕೂತುಕೊಳ್ಳುತ್ತದೆ. ಮೇಲೆ ಹತ್ತಿಯ ಕಾಲುಚೀಲ. ನಮ್ಮ ಅತ್ತೆಯವರಿಗೆ ಎಷ್ಟೋ ಫುಟ್ ಕ್ರೀಮಿಗಿಂತ ಇದೇ ಹಿಡಿಸಿತು, ಅವರೇ ಜಾತ್ರೆಗೆ ಬಂದ ನೆಂಟರಿಗೆಲ್ಲ ಒಂದೊಂದು ಮುದ್ದೆ ಕೊಟ್ಟು ಕಳಿಸುತ್ತಾರೆ.

ಹಿಮ್ಮಡಿ ತೀರಾ ದಪ್ಪಗಟ್ಟಿದ್ದರೆ ಮಾತ್ರ ಯೂರಿಯಾ ಕ್ರೀಮ್ ಉತ್ತಮ. ಶೇಕಡಾ 5ರಿಂದ 10 ಇದ್ದರೆ ತೇವ ಹಿಡಿಯುತ್ತದೆ, 20ರ ಮೇಲೆ ಇದ್ದರೆ ಗಟ್ಟಿ ಚರ್ಮವನ್ನು ಮೆತ್ತಗೆ ಮಾಡಿ ಬಿಡಿಸುತ್ತದೆ. ರಕ್ತ ಬರುವ ಬಿರುಕಿಗೆ ಹಚ್ಚಿದರೆ ಉರಿ ತಡೆಯಲಾಗುವುದಿಲ್ಲ. ಚಿಕ್ಕ ಮಕ್ಕಳಿಗೆ ಇದು ಬೇಡ. ಸಕ್ಕರೆ ಕಾಯಿಲೆ ಇರುವವರು ಹಿಮ್ಮಡಿಯನ್ನು ಬ್ಲೇಡಿನಿಂದ ಕೆರೆಯುವುದು, ಕಲ್ಲಿಗೆ ಜೋರಾಗಿ ಉಜ್ಜುವುದು ಮಾಡಲೇಬಾರದು. ಕಾಲ್ಬೆರಳ ಸಂದಿಗೆ ಕ್ರೀಮ್ ಹೋಗದಂತೆ ನೋಡಿಕೊಳ್ಳಬೇಕು, ಅಲ್ಲಿ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ.

ಪುಣೆಯಲ್ಲೇ ತಯಾರಾಗುವ ಕೈಲಾಸ್ ಜೀವನ್ ಮುಲಾಮು ಇಲ್ಲದ ಮರಾಠಿ ಮನೆ ಕಡಿಮೆ, ನಿಧಾನವಾಗಿ ನಮ್ಮವರ ಮನೆಗೂ ಬಂದಿದೆ. ಕೊಬ್ಬರಿ ಎಣ್ಣೆಯ ಆಧಾರ, ಜೊತೆಗೆ ಕರ್ಪೂರ. ದೊಡ್ಡವರ ಒರಟು ಕೈಕಾಲಿಗೆ ತಂಪೆನಿಸುತ್ತದೆ, ಹಚ್ಚಿಕೊಳ್ಳಲಿ. ಆದರೆ ಕರ್ಪೂರ ಇರುವುದು ಯಾವುದೇ ಆಗಲಿ ಎರಡು ವರ್ಷದೊಳಗಿನ ಮಗುವಿಗೆ ಬೇಡ. ಬೊರೊಲಿನ್ 1929ರಿಂದ ಕೋಲ್ಕತ್ತದಿಂದ ಬರುತ್ತಿದೆ. ಬೋರಿಕ್ ಆಸಿಡ್, ಜಿಂಕ್ ಆಕ್ಸೈಡ್ ಇರುವ ಮುಲಾಮು ಅದು. ಒಡೆದ ತುಟಿ, ಸಣ್ಣ ಗೀರಿಗೆ ಸರಿ. ದಿನವೂ ಮೈಗೆಲ್ಲ ಹಚ್ಚುವ ವಸ್ತುವಲ್ಲ, ಎಳೆ ಮಗುವಿನ ಒಡೆದ ಚರ್ಮಕ್ಕೆ ಬೋರಿಕ್ ಆಸಿಡ್ ಕೂಡದು.

ಗ್ಲಿಸರಿನ್ನಿಗೆ ಗುಲಾಬ್‌ಜಲ ಬೆರೆಸಿ ಹಚ್ಚುವುದು ಹಳೆಯ, ಒಳ್ಳೆಯ ಪದ್ಧತಿ. ಗ್ಲಿಸರಿನ್ ಹಾಗೇ ಹಚ್ಚಬೇಡಿ. ಒಣಗಾಳಿಯಲ್ಲಿ ಅದು ಚರ್ಮದ ಒಳಗಿನ ನೀರನ್ನೇ ಎಳೆಯುತ್ತದೆ, ಹಾಗಾಗಿ ಮೇಲೆ ಒಂದು ಪದರ ಎಣ್ಣೆಯೋ ಕ್ರೀಮೋ ಇರಲಿ. ನಿಂಬೆರಸ ಮಾತ್ರ ಅದಕ್ಕೆ ಹಿಂಡಬೇಡಿ. ಹಾಲಿನ ಕೆನೆಯೂ ಅಷ್ಟೆ, ಹಚ್ಚಿಕೊಂಡರೆ ತಪ್ಪಿಲ್ಲ, ತೊಳೆದ ಮೇಲೆ ಉಳಿಯುವುದು ಸ್ವಲ್ಪವೇ.

ಬಚ್ಚಲಿನಲ್ಲಿ ಕಳೆದುಕೊಳ್ಳುವುದು

ಎಷ್ಟೇ ಒಳ್ಳೆಯ ಕ್ರೀಮ್ ತಂದರೂ ಹೊಗೆಯಾಡುವ ನೀರಿನಲ್ಲಿ ಅರ್ಧ ಗಂಟೆ ನಿಂತು ಎರಡು ಸಲ ಸೋಪು ಹಚ್ಚಿದರೆ ಪ್ರಯೋಜನವಿಲ್ಲ. ನೀರು ಉಗುರುಬೆಚ್ಚಗೆ, ಐದರಿಂದ ಹತ್ತು ನಿಮಿಷ, ಅಷ್ಟೆ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಧೂಳಿನಲ್ಲಿ ಆಡಿ ಬರದ ದಿನ ಕೈಕಾಲಿಗೆ ಬರೀ ನೀರು ಸಾಲದೇ?

ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5ರ ಆಸುಪಾಸು, ಅಂದರೆ ಸ್ವಲ್ಪ ಹುಳಿ. ಮಾಮೂಲಿ ಸೋಪಿನದು 9–10, ಪೂರ್ತಿ ಕ್ಷಾರ. ಟಿಎಫ್‌ಎಂ (ಸೋಪಿನಲ್ಲಿನ ಒಟ್ಟು ಕೊಬ್ಬಿನಂಶ) ಜಾಸ್ತಿ ಇರುವ ಸೋಪು ಮೃದು ಅಂತ ಹೇಳುತ್ತಾರಲ್ಲ, ಅದರಲ್ಲಿ ಕೊಬ್ಬು ಜಾಸ್ತಿ, ತುಂಬುಪದಾರ್ಥ ಕಡಿಮೆ ಅನ್ನುವುದು ನಿಜ, ಆದರೆ ಅದೂ ಕ್ಷಾರವೇ. ಒಣ ಚರ್ಮದವರು ಸಿಂಡೆಟ್ ಬಾರ್ (ನೋಡಲು ಸೋಪಿನಂತಿದ್ದರೂ ಸೋಪಲ್ಲದ, ಕ್ಷಾರ ಕಡಿಮೆಯಿರುವ ಬಿಲ್ಲೆ) ಅಥವಾ ಸೋಪಿಲ್ಲದ ಕ್ಲೆನ್ಸರ್ ಕೇಳಿ. ಎಲ್ಲರಿಗೂ ತರುವುದು ದುಬಾರಿ ಅನ್ನಿಸಿದರೆ ಮಗು, ಅಜ್ಜ, ಅಜ್ಜಿಗೆ ಮಾತ್ರ ತನ್ನಿ, ಉಳಿದವರು ಸೋಪು ಕಡಿಮೆ ಮಾಡಿದರೆ ಸಾಕು.

ವಾಘೋಲಿ, ವಾಕಡ್, ಉಂಡ್ರಿ ಕಡೆಯ ಎಷ್ಟೋ ಸೊಸೈಟಿಗಳಲ್ಲಿ ಬೋರು, ಟ್ಯಾಂಕರ್ ನೀರೇ ಗತಿ. ಗಡಸು ನೀರು. ಬಕೆಟ್ಟಿನ ಅಂಚಿಗೆ ಬಿಳಿ ಕರೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ, ಅದರ ಜಿಗುಟು ಮೈಮೇಲೆ ಉಳಿದು ತುರಿಕೆ ಜಾಸ್ತಿ ಮಾಡುತ್ತದೆ. ಹಾಗಂತ ಚರ್ಮಕ್ಕಾಗಿಯೇ ಸಾವಿರಾರು ರೂಪಾಯಿ ಕೊಟ್ಟು ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿಸಬೇಕೇ? ಇಂಗ್ಲೆಂಡಿನಲ್ಲಿ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ಕಾಯಿಲೆ) ಇರುವ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಫ್ಟ್‌ನರ್ ಹಾಕಿಸಿದ ಮನೆಯ ಮಕ್ಕಳಿಗೆ ಹೆಚ್ಚಿನ ಉಪಯೋಗವೇನೂ ಆಗಲಿಲ್ಲ. ಆ ದುಡ್ಡಿಗೆ ಕ್ರೀಮ್ ತನ್ನಿ.

ಯಾರಿಗೆ ಏನು

ಎಳೆ ಮಗುವಿಗೆ ಕೊಬ್ಬರಿ ಅಥವಾ ಸೂರ್ಯಕಾಂತಿ ಎಣ್ಣೆಯಲ್ಲಿ ಮೆಲ್ಲನೆ ಮಸಾಜ್, ಸ್ನಾನದ ನಂತರ ವಾಸನೆ ಇಲ್ಲದ ಅದೇ ಕ್ರೀಮ್. ಕಡಲೆಹಿಟ್ಟು ಹಾಕಿ ತಿಕ್ಕಿ ತಿಕ್ಕಿ ಕೂದಲು ತೆಗೆಯುವುದು ಬೇಡ, ಪಾಪ ಆ ಚರ್ಮ ಎಷ್ಟು ತೆಳು. ಹುಟ್ಟಿದಾಗಿನಿಂದ ದಿನವೂ ಕ್ರೀಮ್ ಹಚ್ಚಿದರೆ ಮುಂದೆ ಎಕ್ಸಿಮಾ ಬರುವುದಿಲ್ಲ ಅನ್ನುವ ಮಾತನ್ನು ನಂಬಬೇಡಿ. ಬ್ರಿಟನ್ನಿನಲ್ಲಿ 1,394 ಶಿಶುಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಹಾಗೆ ತಡೆಯುವುದಿಲ್ಲ ಅಂತ ತೋರಿಸಿತು. ಒಣಗಿದ ಚರ್ಮಕ್ಕೆ ಕ್ರೀಮ್ ಬೇಕು, ಚೆನ್ನಾಗಿರುವ ಚರ್ಮಕ್ಕೆ ಬಲವಂತ ಬೇಡ.

ಸ್ಕೂಲಿಗೆ ಹೋಗುವ ಮಕ್ಕಳು ತಾವೇ ಹಚ್ಚಿಕೊಳ್ಳಲಿ. "ಕೈಗೆ ನೀನು, ಬೆನ್ನಿಗೆ ನಾನು" ಅಂತ ಹಂಚಿಕೊಂಡರೆ ತಕರಾರಿಲ್ಲದೆ ಮುಗಿಯುತ್ತದೆ. ತುಟಿ ನೆಕ್ಕುವ ಮಕ್ಕಳ ತುಟಿಯ ಸುತ್ತ ಕೆಂಪು ಉಂಗುರ ಮೂಡುತ್ತದೆ. ಅಂಥವರ ಬ್ಯಾಗಿನಲ್ಲಿ ಚಿಕ್ಕ ವ್ಯಾಸಲೀನ್ ಹಾಕಿ. ಹದಿಹರೆಯದವರ ಮುಖಕ್ಕೆ ಮನೆಯ ಗಟ್ಟಿ ಕ್ರೀಮ್ ಬೇಡ, ತೆಳ್ಳನೆಯ, ನಾನ್ ಕೊಮೆಡೊಜೆನಿಕ್ (ರಂಧ್ರ ಮುಚ್ಚದ್ದು) ಅಂತ ಬರೆದ ಜೆಲ್ ಸಾಕು.

ಬೈಕಿನಲ್ಲಿ ಹಿಂಜವಡಿಗೋ ಹಡಪ್ಸರಿಗೋ ಹೋಗುವವರಿಗೆ ಮುಖ, ಬೆರಳ ಗಂಟುಗಳು ಮೊದಲು ಒಡೆಯುತ್ತವೆ. ಕೈಗವಸು ಹಾಕುವ ಮೊದಲು ಕ್ರೀಮ್ ಹಚ್ಚಿ, ಗಾಳಿಯೂ ತಾಗುವುದಿಲ್ಲ, ಕ್ರೀಮೂ ಇಂಗುತ್ತದೆ. ಪಾತ್ರೆ ತೊಳೆಯುವವರ ಕೈಯಂತೂ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಕೆಟ್ಟಿರುತ್ತದೆ, ಯಾರೂ ಗಮನಿಸುವುದಿಲ್ಲ. ಸಿಂಕಿನ ಪಕ್ಕ ರಬ್ಬರ್ ಗ್ಲೌಸ್ ಮತ್ತು ಒಂದು ಚಿಕ್ಕ ಡಬ್ಬಿ ಕ್ರೀಮ್ ಇಡಿ. ಮನೆಗೆಲಸಕ್ಕೆ ಬರುವವರಿಗೂ ಅದೇ ಡಬ್ಬಿಯಿಂದ ಹಚ್ಚಿಕೊಳ್ಳಲು ಹೇಳಿ.

ವಯಸ್ಸಾದಂತೆ ಚರ್ಮದ ಎಣ್ಣೆಗ್ರಂಥಿಗಳ ಕೆಲಸ ಕಡಿಮೆಯಾಗುತ್ತದೆ. ಅಜ್ಜ, ಅಜ್ಜಿಗೆ ದಿನಕ್ಕೆ ಎರಡು ಸಲ ಬೇಕು, ಬೆನ್ನಿಗೆ ಅವರ ಕೈ ಎಟುಕುವುದಿಲ್ಲ. ರಾತ್ರಿ ಟಿವಿ ನೋಡುವ ಹೊತ್ತಿನಲ್ಲಿ ಯಾರಾದರೂ ಹಚ್ಚಿಕೊಡಿ.

ಎಷ್ಟು ಹಚ್ಚಬೇಕು, ಎಷ್ಟು ದುಡ್ಡು

ತೋರುಬೆರಳ ಮೊದಲ ಗೆಣ್ಣಿನ ಗೆರೆಯಿಂದ ಬೆರಳ ತುದಿಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿದರೆ ಅರ್ಧ ಗ್ರಾಂ. ಅದು ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 20 ಗ್ರಾಂ ಬೇಕು, ಬರೀ ಕೈಕಾಲಿಗೆ 12 ಗ್ರಾಂ. ಅಂದರೆ ಮೂವರು ದೊಡ್ಡವರು, ಒಂದು ಮಗು ಇರುವ ಮನೆಯಲ್ಲಿ ಕೈಕಾಲಿಗೆ ಮಾತ್ರ ಹಚ್ಚಿದರೂ 400 ಗ್ರಾಂ ಡಬ್ಬಿ ಹತ್ತು ದಿನದಲ್ಲಿ ಖಾಲಿ. ನಿಮ್ಮ ಮನೆಯ ಡಬ್ಬಿ ಮೂರು ತಿಂಗಳು ಬರುತ್ತಿದೆ ಅಂದರೆ ಅದು ಕ್ರೀಮಿನ ಗುಣವಲ್ಲ, ಹಚ್ಚುತ್ತಿರುವುದೇ ಸಾಲದು.

ಹಾಗಾಗಿಯೇ 50 ಗ್ರಾಂನ ದುಬಾರಿ ಟ್ಯೂಬು ಮನೆಮಂದಿಗೆ ಹೊಂದುವುದಿಲ್ಲ. ಜೇಬಿಗೆ ಹೆದರಿ ಚೂರು ಚೂರೇ ಹಚ್ಚುತ್ತೇವೆ. ಎಂಆರ್‌ಪಿ ಹತ್ತಿರ ಒಂದು ಗ್ರಾಂಗೆ ಎಷ್ಟು ಅಂತ ಚಿಕ್ಕದಾಗಿ ಬರೆದಿರುತ್ತದೆ, ಅದನ್ನು ನೋಡಿ ಹೋಲಿಸಿ. ಇನ್ನೂ ಉಳಿಸಬೇಕೆಂದರೆ ಕೈಕಾಲಿಗೆ ಕ್ರೀಮ್, ಎದೆ–ಬೆನ್ನಿಗೆ ಹಸಿಮೈಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ. ದೊಡ್ಡ ಡಬ್ಬಿ ತರುವ ಮೊದಲು ಚಿಕ್ಕದು ತಂದು ಮುಂಗೈಯ ಒಳಬದಿಗೆ ಒಂದು ವಾರ ಹಚ್ಚಿ ನೋಡಿ. ಒದ್ದೆ ಕೈಯನ್ನು ಡಬ್ಬಿಗೆ ಹಾಕಬೇಡಿ, ಒಣ ಚಮಚ ಇಡಿ.

ಕ್ರೀಮಿಗೆ ಬಗ್ಗದಿದ್ದರೆ

ಎರಡು ವಾರ ಸರಿಯಾಗಿ ಹಚ್ಚಿದರೂ ಕೆಂಪು, ನೀರು ಸೋರುವುದು, ನಿದ್ದೆ ಕೆಡಿಸುವ ತುರಿಕೆ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಮೈಯೆಲ್ಲ ಒಣಗುವುದರ ಜೊತೆ ಸುಸ್ತು, ತೂಕ ಏರುವುದು, ಚಳಿ ತಡೆಯದಿರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮೆಡಿಕಲ್‌ನವರು ಸುಮ್ನೆ ಕೊಡುವ "ತುರಿಕೆ ಟ್ಯೂಬ್" ತರಬೇಡಿ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರದಂತೆ ಮಾಡಿದ್ದು ಸುಮ್ಮನೆ ಅಲ್ಲ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪಾಗಿ ಕೂತುಬಿಡುತ್ತದೆ.

ಇನ್ನು, ಮನೆಯಲ್ಲಿ ಒಬ್ಬರ ನಂತರ ಒಬ್ಬರಿಗೆ ತುರಿಕೆ ಶುರುವಾಗಿ, ರಾತ್ರಿ ಜಾಸ್ತಿಯಾಗಿ, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ ಕಂಡರೆ ಅದು ಚಳಿಯ ಒಣತನ ಆಗಿರಲಿಕ್ಕಿಲ್ಲ, ಕಜ್ಜಿ ಇರಬಹುದು. ಅದು ಕ್ರೀಮಿಗೆ, ಎಣ್ಣೆಗೆ ಹೋಗುವುದಿಲ್ಲ. ಡಾಕ್ಟರು ಕೊಟ್ಟ ಔಷಧಿಯನ್ನು ತುರಿಕೆ ಇರುವವರು, ಇಲ್ಲದವರು ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು, ಹಾಸಿಗೆ–ಬಟ್ಟೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ಹೇಳಿದ ದಿನಕ್ಕೆ ಎರಡನೇ ಸಲವೂ ತಪ್ಪದೆ ಹಚ್ಚಬೇಕು.